ಟೆರೇಸ್ ಮೇಲಿಂದ ನೀಹಾರಿಕೆ ಸಿಗುತ್ತಾ? ಎಂಟಿಂಚಿನ ಟೆಲಿಸ್ಕೋಪಿಗೆ ದುಡ್ಡು ಕೊಡುವ ಮುಂಚೆ

ಪ್ರಶ್ನೆ: ನಾವು ಧಾರವಾಡದವರು. ಈಗ ಪುಣೆಯ ಪಿಂಪಳೆ ಸೌದಾಗರದಲ್ಲಿದ್ದೇವೆ. ಏಳನೇ ಮಹಡಿಯ ಫ್ಲ್ಯಾಟು, ಬಾಲ್ಕನಿ ದಕ್ಷಿಣಕ್ಕಿದೆ. ಟೆರೇಸ್ ಕೀಲಿ ಸೊಸೈಟಿ ಸೆಕ್ರೆಟರಿಯವರನ್ನು ಕೇಳಿದರೆ ಸಿಗುತ್ತದೆ. ನನ್ನ ಹತ್ತಿರ 24 ಮೆಗಾಪಿಕ್ಸೆಲ್‌ನ ನಿಕಾನ್ ಡಿಎಸ್‌ಎಲ್‌ಆರ್, 18-55 ಮತ್ತು 70-300 ಲೆನ್ಸ್ ಇವೆ. ಒಂಬತ್ತನೇ ಕ್ಲಾಸಿನ ಮಗಳಿಗೂ ನನಗೂ ಆಕಾಶದ ಹುಚ್ಚು. ಮಹಾವ್ಯಾಧ (ಓರಿಯನ್) ನೀಹಾರಿಕೆ, ದೇವಯಾನಿ (ಆಂಡ್ರೊಮಿಡಾ) ಗ್ಯಾಲಕ್ಸಿಯ ಫೋಟೊ ನಾವೇ ತೆಗೆಯಬೇಕು ಅನ್ನುವ ಆಸೆ. 1,20,000 ರೂಪಾಯಿ ಕೂಡಿಟ್ಟಿದ್ದೇವೆ. ಅಂಗಡಿಯವರು ಎಂಟು ಇಂಚಿನ ನ್ಯೂಟೋನಿಯನ್ ಅನ್ನುವ ಕನ್ನಡಿಯ ಟೆಲಿಸ್ಕೋಪ್, ಅದನ್ನು ಹೊರುವ ಇಕ್ಯೂ5 ಮೌಂಟ್, ಮೇಲೊಂದು ಲೈಟ್ ಪೊಲ್ಯೂಷನ್ ಫಿಲ್ಟರ್ ಹೇಳಿದ್ದಾರೆ. "ದೊಡ್ಡದಿದ್ದಷ್ಟೂ ಒಳ್ಳೆಯದು" ಅಂದರು. ಆಫೀಸಿನ ಗೆಳೆಯರು ಸೀಸ್ಟಾರ್ ಥರದ ಸ್ಮಾರ್ಟ್ ಟೆಲಿಸ್ಕೋಪ್ ತಗೊಳ್ಳಿ, ಸುಮ್ನೆ ಒದ್ದಾಡಬೇಡಿ ಅನ್ನುತ್ತಾರೆ. ಪುಣೆಯ ಈ ಬೆಳಕಿನಲ್ಲಿ ಇದೆಲ್ಲ ಆಗುವ ಮಾತಾ? ದುಡ್ಡು ನೀರಲ್ಲಿ ಹೋಗುತ್ತದೇನೋ ಅಂತ ಭಯ.

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಆಗುತ್ತದೆ. ಆದರೆ ನಿಮಗೆ ತೋರಿಸಿರುವ ಆ ಸೆಟ್‌ನಿಂದ ಆಗುವುದು ಕಷ್ಟ. ಟೆಲಿಸ್ಕೋಪ್ ಕೆಟ್ಟದ್ದು ಅಂತಲ್ಲ. ಕಣ್ಣಿಟ್ಟು ನೋಡುವವರಿಗೆ ಎಂಟು ಇಂಚು ಹಬ್ಬವೇ. ಫೋಟೊ ತೆಗೆಯುವವರ ಲೆಕ್ಕ ಮಾತ್ರ ಬೇರೆ, ಅಂಗಡಿಯಲ್ಲಿ ಆ ಲೆಕ್ಕ ಯಾರೂ ಬಿಡಿಸಿ ಹೇಳುವುದಿಲ್ಲ. ನಾನು ಟೆಲಿಸ್ಕೋಪ್ ರಿಪೇರಿ, ಜೋಡಣೆ ಕೆಲಸ ಮಾಡುವವನು. ನನ್ನ ಹತ್ತಿರ "ಫೋಟೊ ಬರ್ತಾ ಇಲ್ಲ" ಅಂತ ಬರುವ ಪೆಟ್ಟಿಗೆಗಳಲ್ಲಿ ಬಹುಪಾಲು ಯಾವ ರಿಪೇರಿಯೂ ಬೇಕಿಲ್ಲದವು. ಕನ್ನಡಿ ಸರಿ ಇರುತ್ತದೆ, ಕ್ಯಾಮೆರಾ ಸರಿ ಇರುತ್ತದೆ. ಹೊತ್ತುಕೊಳ್ಳುವ ಮೌಂಟಿಗೆ ತಾಕತ್ತು ಇರುವುದಿಲ್ಲ.

ಅದಕ್ಕೆ ಮೌಂಟಿನಿಂದಲೇ ಶುರು ಮಾಡೋಣ.

ಭೂಮಿ ತಿರುಗುವುದರಿಂದ ನಕ್ಷತ್ರಗಳು ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತವೆ (ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ಹುಣ್ಣಿಮೆ ಚಂದ್ರನ ಅಗಲ ಸುಮಾರು 1800 ಆರ್ಕ್‌ಸೆಕೆಂಡ್, ಅಂದರೆ ಎರಡೇ ನಿಮಿಷದಲ್ಲಿ ಚಂದ್ರ ತನ್ನಷ್ಟೇ ಅಗಲ ಮುಂದೆ ಹೋಗಿರುತ್ತಾನೆ. ಇಕ್ವಟೋರಿಯಲ್ ಮೌಂಟಿನ ಕೆಲಸ ಈ ಚಲನೆಯನ್ನು ಹಿಂಬಾಲಿಸುವುದು. ಅದರೊಳಗೆ ವರ್ಮ್ ಗೇರ್ ಇರುತ್ತದೆ. ಯಾವ ಗೇರೂ ನೂರಕ್ಕೆ ನೂರು ದುಂಡಗಿರುವುದಿಲ್ಲ, ಹಾಗಾಗಿ ಮೌಂಟ್ ಒಮ್ಮೆ ಸ್ವಲ್ಪ ಮುಂದೆ ಓಡುತ್ತದೆ, ಒಮ್ಮೆ ಹಿಂದೆ ಬೀಳುತ್ತದೆ. ಕಡಿಮೆ ಬೆಲೆಯ ಮೌಂಟುಗಳಲ್ಲಿ ಹತ್ತು ನಿಮಿಷದ ಒಂದು ಸುತ್ತಿನಲ್ಲಿ 40 ಆರ್ಕ್‌ಸೆಕೆಂಡ್ ಆ ಕಡೆ ಈ ಕಡೆ ಓಲಾಡುವುದು ಮಾಮೂಲು. ಅಂದರೆ 30 ಸೆಕೆಂಡಿನ ಒಂದು ಫೋಟೊದಲ್ಲಿ ಸುಮಾರು 4 ಆರ್ಕ್‌ಸೆಕೆಂಡ್ ತಪ್ಪುತ್ತದೆ ಅಂತಿಟ್ಟುಕೊಳ್ಳಿ.

ಈಗ ನಿಮ್ಮ ಕ್ಯಾಮೆರಾ. 24 ಮೆಗಾಪಿಕ್ಸೆಲ್‌ನ ಕ್ರಾಪ್ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ 3.9 ಮೈಕ್ರಾನ್ ಇರುತ್ತದೆ. ಅದನ್ನು 206ರಿಂದ ಗುಣಿಸಿ, ಟೆಲಿಸ್ಕೋಪಿನ ಫೋಕಲ್ ಲೆಂತ್‌ನಿಂದ (ಕನ್ನಡಿ ಅಥವಾ ಲೆನ್ಸಿನಿಂದ ಬಿಂಬ ಮೂಡುವ ಜಾಗದ ದೂರ, ಮಿಲಿಮೀಟರಿನಲ್ಲಿ) ಭಾಗಿಸಿ. ಒಂದು ಪಿಕ್ಸೆಲ್ ಆಕಾಶದ ಎಷ್ಟು ಜಾಗ ನೋಡುತ್ತದೆ ಅನ್ನುವ ಲೆಕ್ಕ ಸಿಗುತ್ತದೆ. ಎಂಟು ಇಂಚಿನ ಎಫ್/5 ನ್ಯೂಟೋನಿಯನ್ ಅಂದರೆ ಕನ್ನಡಿಯ ಅಗಲದ ಐದು ಪಟ್ಟು, ಸುಮಾರು 1000 ಮಿಲಿಮೀಟರ್, ಪಿಕ್ಸೆಲ್ಲಿಗೆ 0.8 ಆರ್ಕ್‌ಸೆಕೆಂಡ್. ಆ 4 ಆರ್ಕ್‌ಸೆಕೆಂಡಿನ ತಪ್ಪು ಐದು ಪಿಕ್ಸೆಲ್ ಉದ್ದದ ಗೆರೆಯಾಗುತ್ತದೆ. ನಕ್ಷತ್ರ ಅಕ್ಕಿಕಾಳಾಗುತ್ತದೆ. ಅದೇ ಮೌಂಟಿನ ಮೇಲೆ ನಿಮ್ಮ 70-300 ಲೆನ್ಸನ್ನು 300ರಲ್ಲಿಟ್ಟರೆ ಪಿಕ್ಸೆಲ್ಲಿಗೆ 2.7 ಆರ್ಕ್‌ಸೆಕೆಂಡ್. ತಪ್ಪು ಒಂದೂವರೆ ಪಿಕ್ಸೆಲ್ ಮಾತ್ರ, ಕಣ್ಣಿಗೇ ಕಾಣುವುದಿಲ್ಲ.

ಇನ್ನು ತೂಕ. ಎಂಟು ಇಂಚಿನ ನಳಿಗೆ, ರಿಂಗು, ಕ್ಯಾಮೆರಾ ಸೇರಿ ಹತ್ತು ಕಿಲೋ ಆಸುಪಾಸು ಆಗುತ್ತದೆ. ಮೌಂಟಿನ ಡಬ್ಬದ ಮೇಲೆ ಬರೆದಿರುವ ಕಿಲೋ ಲೆಕ್ಕ ಕಣ್ಣಿಟ್ಟು ನೋಡುವವರಿಗೆ. ಫೋಟೊಗೆ ಅದರ ಅರ್ಧ, ಹೆಚ್ಚೆಂದರೆ ಮೂರರಲ್ಲಿ ಎರಡು ಪಾಲು ಅಂತ ಹಿಡಿಯಬೇಕು. ಇಕ್ಯೂ5ಗೆ ಈ ಹೊರೆ ಜಾಸ್ತಿ. ಅದರ ಮೇಲೆ ಟೆರೇಸಿನ ಗಾಳಿ. ಒಂದು ಮೀಟರ್ ಉದ್ದದ ಡುಮ್ಮ ನಳಿಗೆ ಗಾಳಿಯನ್ನೆಲ್ಲ ತನ್ನ ಮೈಮೇಲೆ ಹಾಕಿಕೊಳ್ಳುತ್ತದೆ. ಒಂದು ನಕ್ಷತ್ರವನ್ನು ನೋಡುತ್ತಾ ಮೌಂಟನ್ನು ತಿದ್ದುವ ಗೈಡ್ ಕ್ಯಾಮೆರಾ ಹಾಕಿದರೆ ಗೇರಿನ ತಪ್ಪು ಸರಿಯಾಗುತ್ತದೆ, ನಿಜ. ಗಾಳಿ ಸರಿಯಾಗುವುದಿಲ್ಲ.

ಇನ್ನೊಂದು ತೊಡಕು. ನೋಡುವುದಕ್ಕೆಂದು ಮಾಡಿದ ಎಷ್ಟೋ ನ್ಯೂಟೋನಿಯನ್‌ಗಳಲ್ಲಿ ಡಿಎಸ್‌ಎಲ್‌ಆರ್ ಹಾಕಿದರೆ ಫೋಕಸ್ಸೇ ಬರುವುದಿಲ್ಲ. ಫೋಕಸರನ್ನು ಪೂರ್ತಿ ಒಳಗೆ ತಿರುಗಿಸಿದರೂ ಬಿಂಬ ಸೆನ್ಸರಿಗಿಂತ ಒಂದೆರಡು ಸೆಂಟಿಮೀಟರ್ ಮುಂಚೆಯೇ ನಿಂತಿರುತ್ತದೆ. ಆಮೇಲೆ ಜನ ಮುಖ್ಯ ಕನ್ನಡಿಯನ್ನು ಮೇಲೆ ಸರಿಸುವುದು, ನಳಿಗೆ ಕೊಯ್ಯುವುದು ಎಲ್ಲ ಮಾಡುತ್ತಾರೆ. ಫೋಟೊಗೆಂದೇ ಮಾಡಿದ ಮಾದರಿಗಳಲ್ಲಿ ಈ ಕಾಟವಿಲ್ಲ, ಆದರೆ ಕೊಳ್ಳುವ ಮುಂಚೆ ಕೇಳಲೇಬೇಕು. ಡಬ್ಬದ ಮೇಲೆ "525 ಪಟ್ಟು" ಅಂತ ಬರೆದಿದ್ದರೆ ಆ ಸಾಲನ್ನು ಮರೆತುಬಿಡಿ. ಕಣ್ಣಿನ ವೀಕ್ಷಣೆಯಲ್ಲೇ ಮಿಲಿಮೀಟರಿಗೆ ಎರಡು ಪಟ್ಟಿನ ಮೇಲೆ ಉಪಯೋಗವಿಲ್ಲ, ಫೋಟೊದಲ್ಲಂತೂ ಆ ಸಂಖ್ಯೆಗೆ ಅರ್ಥವೇ ಇಲ್ಲ.

ಈಗ ಪುಣೆಯ ಬೆಳಕಿಗೆ ಬರೋಣ. ಆಕಾಶದ ಕತ್ತಲೆ ಅಳೆಯಲು ಜಾನ್ ಬಾರ್ಟಲ್ 2001ರಲ್ಲಿ ಕೊಟ್ಟ 1ರಿಂದ 9ರ ಅಳತೆ ಇದೆ. 1 ಅಂದರೆ ಕಗ್ಗತ್ತಲು. ನಿಮ್ಮ ಕಡೆ, ಹಿಂಜವಡಿಯ ಬೆಳಕೂ ಸೇರಿ, 8ರ ಹತ್ತಿರ ಇರುತ್ತದೆ. ಇಲ್ಲಿ ಮಸುಕು ಗ್ಯಾಲಕ್ಸಿ ಹುಡುಕುವುದು ಜಾತ್ರೆಯ ಮೈಕಿನ ಪಕ್ಕ ನಿಂತು ಪಿಸುಮಾತು ಕೇಳಿದ ಹಾಗೆ. ಆದರೂ ಕೇಳಬಹುದು, ತುಂಬ ಹೊತ್ತು ಕೇಳಬೇಕು ಅಷ್ಟೇ. ನೂರಾರು ಫೋಟೊ ತೆಗೆದು ಒಂದರ ಮೇಲೊಂದು ಪೇರಿಸುವುದಕ್ಕೆ ಸ್ಟ್ಯಾಕಿಂಗ್ ಅನ್ನುತ್ತಾರೆ. ನಾಲ್ಕು ಪಟ್ಟು ಫೋಟೊ ತೆಗೆದರೆ ಗುಣಮಟ್ಟ ಎರಡು ಪಟ್ಟು ಏರುತ್ತದೆ. ಆಕಾಶ ಹತ್ತು ಪಟ್ಟು ಬೆಳಗಿದ್ದರೆ, ಮಸುಕು ವಸ್ತುವಿಗೆ ಸಮಯವೂ ಹತ್ತು ಪಟ್ಟು ಬೇಕು. ನಗರಕ್ಕೂ ಒಳ್ಳೆಯ ಹಳ್ಳಿ ಆಕಾಶಕ್ಕೂ ಇಷ್ಟು ವ್ಯತ್ಯಾಸ ಇರುವುದು ಮಾಮೂಲು. ಅಂದರೆ ಪುಣೆಯ ಹೊರಗಿನ ವೆಲ್ಹೆ ಕಡೆ ಒಂದು ಗಂಟೆಯಲ್ಲಿ ಸಿಗುವುದಕ್ಕೆ ನಿಮ್ಮ ಟೆರೇಸ್ ಮೇಲೆ ಹತ್ತು ಗಂಟೆ ಕೂರಬೇಕು. ಖಗೋಳ ಸಂಶೋಧನೆ ಮಾಡುವ ಐಯುಕಾ ಸಂಸ್ಥೆಯವರೂ ತಮ್ಮ ಎರಡು ಮೀಟರ್ ದೂರದರ್ಶಕವನ್ನು ಪುಣೆಯ ಕ್ಯಾಂಪಸ್ಸಿನಲ್ಲಿ ಇಟ್ಟಿಲ್ಲ, ನಾಸಿಕ್ ರಸ್ತೆಯ ಕಡೆ ಗಿರವಲಿಯ ಗುಡ್ಡದ ಮೇಲೆ ಇಟ್ಟಿದ್ದಾರೆ.

ಇದರಲ್ಲೇ ಒಂದು ಅನುಕೂಲವೂ ಅಡಗಿದೆ, ಹೆಚ್ಚು ಜನ ಗಮನಿಸುವುದಿಲ್ಲ. ಬೆಳಕಿರುವ ಆಕಾಶದಲ್ಲಿ ಒಂದೊಂದು ಫೋಟೊ ಐದು ನಿಮಿಷ ತೆಗೆಯುವ ಅಗತ್ಯವೇ ಇಲ್ಲ. 20-30 ಸೆಕೆಂಡಿನಲ್ಲೇ ಆಕಾಶದ ಬೆಳಕು ಕ್ಯಾಮೆರಾದ ಸ್ವಂತ ಗದ್ದಲವನ್ನು (ನಾಯ್ಸ್) ಮುಚ್ಚಿಹಾಕುತ್ತದೆ. ಅದಕ್ಕಿಂತ ಉದ್ದ ತೆಗೆದರೆ ಲಾಭ ಕಡಿಮೆ. ಒಟ್ಟು ಸಮಯ ಮುಖ್ಯ. ಹಾಗಾಗಿ ನಗರದಲ್ಲಿ ತೆಗೆಯುವವರಿಗೆ ಗೈಡಿಂಗ್ ಇಲ್ಲದ ಸಣ್ಣ ಮೌಂಟೂ ಸಾಕಾಗುತ್ತದೆ.

ಫಿಲ್ಟರ್ ಬಗ್ಗೆ ನಂಬಿಕೆಗಳು ತುಂಬ ಇವೆ. ಹಳೆಯ ಲೈಟ್ ಪೊಲ್ಯೂಷನ್ ಫಿಲ್ಟರುಗಳು ಹುಟ್ಟಿದ್ದು ಬೀದಿಯಲ್ಲಿ ಹಳದಿ ಸೋಡಿಯಂ ದೀಪ ಇದ್ದ ಕಾಲದಲ್ಲಿ. ಆ ದೀಪ ಕೆಲವೇ ಬಣ್ಣಗಳಲ್ಲಿ ಉರಿಯುತ್ತಿತ್ತು, ಅವನ್ನು ಕತ್ತರಿಸಿದರೆ ಆಗುತ್ತಿತ್ತು. ಈಗಿನ ಬಿಳಿ ಎಲ್‌ಇಡಿ ಎಲ್ಲ ಬಣ್ಣದಲ್ಲೂ ಚೆಲ್ಲುತ್ತದೆ. ಕತ್ತರಿಸುವುದು ಯಾವುದನ್ನು? ಈಗ ನಿಜವಾಗಿ ಕೆಲಸ ಮಾಡುವುದು ಡ್ಯುಯಲ್ ಬ್ಯಾಂಡ್ ಫಿಲ್ಟರ್. ಅದು ಹೈಡ್ರೋಜನ್ ಹೊಮ್ಮಿಸುವ 656 ನ್ಯಾನೊಮೀಟರಿನ ಕೆಂಪು, ಆಮ್ಲಜನಕದ 501 ನ್ಯಾನೊಮೀಟರಿನ ಹಸಿರು-ನೀಲಿ, ಇವೆರಡರ ಸುತ್ತಲಿನ ಕಿರಿದಾದ ಪಟ್ಟಿಯನ್ನು ಮಾತ್ರ ಬಿಡುತ್ತದೆ. ಮಹಾವ್ಯಾಧ, ಲಗೂನ್, ರೋಸೆಟ್ ಥರದ ಹೊಳೆಯುವ ಅನಿಲದ ನೀಹಾರಿಕೆಗಳಿಗೆ ಅದ್ಭುತ.

ಆದರೆ ಎರಡು ಷರತ್ತು. ದೇವಯಾನಿ ಗ್ಯಾಲಕ್ಸಿ, ಕೃತ್ತಿಕೆ ಇವೆಲ್ಲ ನಕ್ಷತ್ರದ ಬೆಳಕು, ಎಲ್ಲ ಬಣ್ಣವೂ ಇರುತ್ತದೆ. ಫಿಲ್ಟರ್ ಹಾಕಿದರೆ ಅವೇ ಮಸುಕಾಗುತ್ತವೆ. ಎರಡನೆಯದು ನಿಮ್ಮ ಕ್ಯಾಮೆರಾ. ಮಾಮೂಲಿ ಡಿಎಸ್‌ಎಲ್‌ಆರ್‌ಗಳ ಸೆನ್ಸರ್ ಮುಂದೆ ಕಂಪನಿಯವರೇ ಒಂದು ಗಾಜು ಕೂರಿಸಿರುತ್ತಾರೆ. ಚರ್ಮದ ಬಣ್ಣ ಸರಿಯಾಗಿ ಬರಲಿ ಅಂತ ಅದು ಆ 656ರ ಕೆಂಪಿನ ಬಹುಪಾಲನ್ನು ನುಂಗಿಬಿಡುತ್ತದೆ. ಫಿಲ್ಟರ್ ಬಿಟ್ಟ ಬೆಳಕನ್ನು ಕ್ಯಾಮೆರಾ ತಡೆದರೆ ಉಳಿಯುವುದೇನು? ಆ ಗಾಜು ತೆಗೆಸಬಹುದು, ಮಾಡಿಫೈ ಅನ್ನುತ್ತಾರೆ. ಆದರೆ ಮನೆಯ ಮದುವೆ-ಮುಂಜಿಗೂ ಅದೇ ಕ್ಯಾಮೆರಾ ಆದರೆ ಬೇಡ. ಅಂಗಡಿಯವರು ಹೇಳಿದ ಫಿಲ್ಟರನ್ನು ಸದ್ಯಕ್ಕೆ ಪಟ್ಟಿಯಿಂದ ಹೊಡೆದುಹಾಕಿ.

ಈಗ ನಿಮ್ಮ ಜಾಗ. ಇಕ್ವಟೋರಿಯಲ್ ಮೌಂಟಿನ ಅಕ್ಷ ಧ್ರುವ ನಕ್ಷತ್ರದ ಕಡೆ ಇರಬೇಕು. ಪುಣೆಯಲ್ಲಿ ಧ್ರುವ ಬರೀ 18.5 ಡಿಗ್ರಿ ಎತ್ತರ. ಚಳಿಗಾಲದ ಮಬ್ಬಿನಲ್ಲಿ, ಎದುರಿನ ಟವರಿನ ಹಿಂದೆ ಅದು ಕಾಣದಿರುವುದೇ ಹೆಚ್ಚು. ದಕ್ಷಿಣದ ಬಾಲ್ಕನಿಯಿಂದಂತೂ ಪ್ರಶ್ನೆಯೇ ಇಲ್ಲ. ಈಗ ಇದಕ್ಕೆ ದಾರಿ ಇದೆ. ನೀನಾ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಆಕಾಶದ ಮೂರು ಕಡೆ ಫೋಟೊ ತೆಗೆದು ಅಕ್ಷ ಎಷ್ಟು ತಪ್ಪಿದೆ ಅಂತ ಲೆಕ್ಕ ಹಾಕಿಕೊಡುತ್ತದೆ, ಧ್ರುವ ಕಾಣಲೇಬೇಕು ಅಂತಿಲ್ಲ. ಲ್ಯಾಪ್‌ಟಾಪು, ಕೇಬಲ್ಲು ಬೇಕು. ಇಷ್ಟು ಕೆಳಗಿನ ಅಕ್ಷಾಂಶದ ಇನ್ನೊಂದು ಕಿರಿಕಿರಿ: ಮೌಂಟನ್ನು 18 ಡಿಗ್ರಿಗೆ ಬಗ್ಗಿಸಿದಾಗ ಕೌಂಟರ್‌ವೇಟಿನ ಸರಳು ಕೆಲವು ಮಾದರಿಗಳಲ್ಲಿ ಟ್ರೈಪಾಡಿನ ಕಾಲಿಗೆ ತಾಗುತ್ತದೆ. ಯುರೋಪಿನಲ್ಲಿ 50 ಡಿಗ್ರಿಯಲ್ಲಿ ಬಳಸುವವರಿಗೆ ಇದು ಗೊತ್ತೇ ಆಗುವುದಿಲ್ಲ, ಅವರ ವಿಡಿಯೊ ನೋಡಿ ಕೊಂಡ ನಮಗೆ ಮಧ್ಯರಾತ್ರಿ ಟಣ್ ಅಂತ ಸದ್ದು ಬಂದಾಗ ಗೊತ್ತಾಗುತ್ತದೆ. ಅಂಗಡಿಯಲ್ಲೇ 18 ಡಿಗ್ರಿಗಿಟ್ಟು ಒಂದು ಸುತ್ತು ತಿರುಗಿಸಿ ತೋರಿಸಲು ಹೇಳಿ.

ದಕ್ಷಿಣದ ಬಾಲ್ಕನಿಯನ್ನು ಬೈಯಬೇಡಿ. ವೃಶ್ಚಿಕ, ಧನು ರಾಶಿಗಳ ಕಡೆಯ ಶ್ರೀಮಂತ ಆಕಾಶ ಅಲ್ಲೇ ಬರುತ್ತದೆ. ಲಗೂನ್ ನೀಹಾರಿಕೆ ಇಲ್ಲಿ 47 ಡಿಗ್ರಿವರೆಗೆ ಏರುತ್ತದೆ. ಒಮೆಗಾ ಸೆಂಟಾರಿ ಅನ್ನುವ ಲಕ್ಷಾಂತರ ನಕ್ಷತ್ರಗಳ ಗುಚ್ಛ 24 ಡಿಗ್ರಿ ಎತ್ತರ ಬರುತ್ತದೆ, ಲಂಡನ್ನಿನವರಿಗೆ ಅದು ಕಾಣುವುದೇ ಇಲ್ಲ. ಅದು ಬೆಳಕಿನ ಆಕಾಶವನ್ನೂ ಚೆನ್ನಾಗಿ ತಡೆದುಕೊಳ್ಳುತ್ತದೆ. ದೇವಯಾನಿ ಮಾತ್ರ ಉತ್ತರಕ್ಕಿದೆ, ಅದಕ್ಕೆ ಟೆರೇಸೇ ಗತಿ.

ಟೆರೇಸಿನಲ್ಲಿ ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದೂ ಮುಖ್ಯ. ಲಿಫ್ಟ್ ಮಶೀನ್ ರೂಮಿನ ಪಕ್ಕ ಬೇಡವೇ ಬೇಡ. ಲಿಫ್ಟ್ ಹೊರಟಾಗಲೊಮ್ಮೆ ಸ್ಲ್ಯಾಬ್ ಅದುರುತ್ತದೆ, ಲೈವ್ ವ್ಯೂನಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ ನೋಡಿದರೆ ನಕ್ಷತ್ರ ಕುಣಿಯುವುದು ಕಾಣುತ್ತದೆ. ನೀರಿನ ಪಂಪೂ ಹಾಗೇ. ಟ್ರೈಪಾಡಿನ ಮೂರು ಕಾಲೂ ಕಂಬ ಅಥವಾ ತೊಲೆಯ ಮೇಲೆ ಬರುವ ಹಾಗೆ ನೋಡಿಕೊಳ್ಳಿ. ಹಗಲಿಡೀ ಕಾದ ಕಾಂಕ್ರೀಟ್ ರಾತ್ರಿ ಹತ್ತರವರೆಗೂ ಬಿಸಿ ಉಗುಳುತ್ತಿರುತ್ತದೆ. ಗ್ರಹಗಳ ಫೋಟೊಗೆ ಅದು ತುಂಬ ತೊಂದರೆ, ನೀಹಾರಿಕೆಗೆ ಅಷ್ಟಿಲ್ಲ. ದೀಪಾವಳಿಯ ಹೊತ್ತಿನಲ್ಲಿ ಪಟಾಕಿ ಹೊಗೆ, ಬಾಲ್ಕನಿ ಬಾಲ್ಕನಿಯಲ್ಲೂ ತೂಗುವ ಆಕಾಶ ಕಂದೀಲು ಎಲ್ಲ ಸೇರಿ ಆಕಾಶ ಹೋದ ಹಾಗೇ. ಆಮೇಲೆ ಫೆಬ್ರುವರಿವರೆಗೆ ಒಳ್ಳೆಯ ಕಾಲ.

ಸ್ಮಾರ್ಟ್ ಟೆಲಿಸ್ಕೋಪ್ ವಿಷಯಕ್ಕೆ ಬರೋಣ. ಅದನ್ನು ಆಟಿಕೆ ಅನ್ನುವವರಿದ್ದಾರೆ, ನಾನು ಅನ್ನುವುದಿಲ್ಲ. ಸೀಸ್ಟಾರ್ ಎಸ್50 ಅನ್ನೇ ತಗೊಳ್ಳಿ. 50 ಮಿಲಿಮೀಟರಿನ ಲೆನ್ಸು, 250 ಫೋಕಲ್ ಲೆಂತ್, ತೂಕ ಎರಡೂವರೆ ಕಿಲೋ. ಧ್ರುವ ಬೇಡ, ಲ್ಯಾಪ್‌ಟಾಪ್ ಬೇಡ. ಒಳಗೇ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಇದೆ, ಸೆನ್ಸರ್ ಆ ಕೆಂಪನ್ನು ನುಂಗುವುದಿಲ್ಲ. ಬಾಲ್ಕನಿಯಲ್ಲಿಟ್ಟು ಒಳಗೆ ಊಟಕ್ಕೆ ಕೂತರೆ ಮೊಬೈಲಿನಲ್ಲಿ ನೀಹಾರಿಕೆ ನಿಧಾನವಾಗಿ ಮೂಡುತ್ತದೆ. ನಿಮ್ಮ ಬಜೆಟ್ಟಿನೊಳಗೇ ಬರುತ್ತದೆ, ಇನ್ನೂ ಉಳಿಯುತ್ತದೆ. ಮಿತಿಯನ್ನೂ ತಿಳಿದುಕೊಳ್ಳಿ. ಚಿತ್ರ ಎರಡು ಮೆಗಾಪಿಕ್ಸೆಲ್, ಗೋಡೆಗೆ ದೊಡ್ಡದಾಗಿ ಹಾಕಲು ಸಾಲದು. ದೇವಯಾನಿ ಒಂದೇ ಚೌಕಟ್ಟಿನಲ್ಲಿ ಹಿಡಿಯುವುದಿಲ್ಲ, ತುಂಡು ತುಂಡಾಗಿ ತೆಗೆದು ಜೋಡಿಸಬೇಕು. ಗುರು ಗ್ರಹ ಅತಿ ಹತ್ತಿರ ಬಂದಾಗಲೂ ಅದರಲ್ಲಿ ಇಪ್ಪತ್ತು ಪಿಕ್ಸೆಲ್ ಅಗಲದ ಚುಕ್ಕೆ. ಬ್ಯಾಟರಿ, ಸೆನ್ಸರ್, ಮೋಟರ್ ಎಲ್ಲ ಒಂದೇ ಡಬ್ಬಿಯಲ್ಲಿರುವುದರಿಂದ ಒಂದು ಕೆಟ್ಟರೆ ಎಲ್ಲವೂ ಸುಮ್ಮನೆ ಕೂರುತ್ತದೆ, ಬೇರೆ ಬೇರೆಯಾಗಿ ಬದಲಿಸಲು ಬರುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡರಲ್ಲಿ ಒಂದು ದಾರಿ ಹಿಡಿಯುತ್ತಿದ್ದೆ. ಯಾವುದು ಅನ್ನುವುದು ನಿಮಗೆ ಚಿತ್ರ ಬೇಕೋ, ಚಿತ್ರ ಮಾಡುವ ಕೆಲಸ ಬೇಕೋ ಅನ್ನುವುದರ ಮೇಲಿದೆ. ಚಿತ್ರ ಸಾಕು, ಮಗಳ ಪರೀಕ್ಷೆ ನಿಮ್ಮ ಆಫೀಸು ಎಲ್ಲದರ ಮಧ್ಯೆ ಸಮಯವಿಲ್ಲ ಅಂದರೆ ಸ್ಮಾರ್ಟ್ ಟೆಲಿಸ್ಕೋಪ್. ಕೈ ಕೆಸರು ಮಾಡಿಕೊಳ್ಳುವ ಆಸೆ ಇದ್ದರೆ ದುಡ್ಡಿನ ಬಹುಪಾಲನ್ನು ಐದು ಕಿಲೋ ಹೊರುವ ಒಳ್ಳೆಯ ಸಣ್ಣ ಮೌಂಟಿಗೆ ಹಾಕಿ. ಸ್ಕೈವಾಚರ್‌ನ ಸ್ಟಾರ್ ಅಡ್ವೆಂಚರರ್ ಜಿಟಿಐ ಆ ಜಾತಿಯದು, ವಸ್ತುವನ್ನು ತಾನೇ ಹುಡುಕಿಕೊಡುತ್ತದೆ. ಮೇಲೆ ಸದ್ಯಕ್ಕೆ ನಿಮ್ಮ ಕ್ಯಾಮೆರಾ, 70-300 ಲೆನ್ಸ್ ಸಾಕು. ದೇವಯಾನಿ ಆಕಾಶದಲ್ಲಿ ಆರು ಚಂದ್ರರಷ್ಟು ಉದ್ದ ಹರಡಿದೆ. ಎಂಟು ಇಂಚಿನ ಆ ಟೆಲಿಸ್ಕೋಪಿನಲ್ಲಿ ನಿಮ್ಮ ಸೆನ್ಸರಿಗೆ ಅದರ ನಡುಭಾಗ ಮಾತ್ರ ಸಿಗುತ್ತಿತ್ತು, 300 ಮಿಲಿಮೀಟರಿನಲ್ಲಿ ಪೂರ್ತಿ ಕೂರುತ್ತದೆ. ಮುಂದಿನ ವರ್ಷ ಬೇಕಾದರೆ 60 ಮಿಲಿಮೀಟರ್ ಆಸುಪಾಸಿನ ರಿಫ್ರಾಕ್ಟರ್ (ಲೆನ್ಸಿನ ಟೆಲಿಸ್ಕೋಪ್) ಸೇರಿಸಿ, ಬಣ್ಣ ಚದುರುವುದನ್ನು ತಗ್ಗಿಸುವ ಇಡಿ ಗಾಜಿನದು. ಇಡಿ ಅಲ್ಲದ ಅಗ್ಗದ ರಿಫ್ರಾಕ್ಟರಿನಲ್ಲಿ ನಕ್ಷತ್ರಗಳ ಸುತ್ತ ನೇರಳೆ ಹೊಗೆ ಕಾಣುತ್ತದೆ. ಜೊತೆಗೆ ಅಂಚಿನ ನಕ್ಷತ್ರಗಳೂ ಚೂಪಾಗಿ ಬರುವಂತೆ ಮಾಡುವ ಫ್ಲ್ಯಾಟ್ನರ್ ಲೆನ್ಸ್ ಬೇಕು, ಅದಕ್ಕೂ ಸೆನ್ಸರಿಗೂ ನಡುವೆ ಸಾಮಾನ್ಯವಾಗಿ 55 ಮಿಲಿಮೀಟರ್ ಅಂತರ ಇರಬೇಕು. ಈ ದಾರಿಯ ಅಪಾಯವೆಂದರೆ ಬೇಸರ. ಕೇಬಲ್ಲು, ಫೋಕಸ್ಸು, ಅಲೈನ್‌ಮೆಂಟು ಅಂತ ಮೊದಲ ಕೆಲವು ರಾತ್ರಿ ಒಂದೂ ಚಿತ್ರ ಬರದಿರಬಹುದು.

ಶನಿಯ ಬಳೆ, ಗುರುವಿನ ಪಟ್ಟಿಯೇ ಮಗಳ ಮೊದಲ ಆಸೆಯಾದರೆ ಇದೆಲ್ಲ ತಲೆಕೆಳಗು. ಆಗ ದೊಡ್ಡ ಕನ್ನಡಿಯೇ ಬೇಕು. ಆರು ಅಥವಾ ಎಂಟು ಇಂಚಿನ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೂರುವ ನ್ಯೂಟೋನಿಯನ್) ತಗೊಂಡು, ಮೊಬೈಲಿನಲ್ಲೇ ವಿಡಿಯೊ ಮಾಡಿ, ಅದರಲ್ಲಿ ಚೂಪಾಗಿರುವ ಫ್ರೇಮುಗಳನ್ನು ಆಟೊಸ್ಟ್ಯಾಕರ್ಟ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಆರಿಸಿ ಪೇರಿಸಬಹುದು. ಗ್ರಹಗಳಿಗೆ ನಗರದ ಬೆಳಕು ಲೆಕ್ಕಕ್ಕೇ ಇಲ್ಲ. ಒಂದು ಎಚ್ಚರಿಕೆ: ಐಪೀಸಿಗೆ ತಿರುಪುವ ಸಣ್ಣ "ಸನ್ ಫಿಲ್ಟರ್" ಡಬ್ಬದಲ್ಲಿ ಬಂದರೆ ಅದೇ ದಿನ ಕಸಕ್ಕೆ ಹಾಕಿ. ಬಿಸಿಗೆ ಅದು ಸಿಡಿದರೆ ಕಣ್ಣು ಹೋಗುತ್ತದೆ. ಸೂರ್ಯನಿಗೆ ಫಿಲ್ಟರ್ ಯಾವಾಗಲೂ ನಳಿಗೆಯ ಮುಂಭಾಗಕ್ಕೇ.

ಏನನ್ನೂ ಕೊಳ್ಳುವ ಮುಂಚೆ ಒಂದು ಪುಕ್ಕಟೆ ಪರೀಕ್ಷೆ ಮಾಡಿ. ಡಿಸೆಂಬರಿನ ಅಮಾವಾಸ್ಯೆ ಹತ್ತಿರ, ರಾತ್ರಿ ಹತ್ತರ ಮೇಲೆ, ಮಾಮೂಲಿ ಟ್ರೈಪಾಡಿನ ಮೇಲೆ 18-55 ಲೆನ್ಸನ್ನು 55ಕ್ಕಿಟ್ಟು ಮಹಾವ್ಯಾಧನ ಬೆಲ್ಟಿನ ಕೆಳಗೆ ತಿರುಗಿಸಿ. ಐಎಸ್‌ಒ 1600, ಒಂದೊಂದು 4 ಸೆಕೆಂಡ್, ರಾ ಫಾರ್ಮ್ಯಾಟ್, 300 ಫೋಟೊ. ಆಟೊಫೋಕಸ್ ಆಫ್ ಮಾಡಿ, ಲೈವ್ ವ್ಯೂನಲ್ಲಿ ಒಂದು ಹೊಳೆಯುವ ನಕ್ಷತ್ರ ಅತಿ ಸಣ್ಣ ಚುಕ್ಕೆಯಾಗುವವರೆಗೆ ಕೈಯಲ್ಲೇ ತಿರುಗಿಸಿ. ಪ್ರತಿ ಐವತ್ತು ಫೋಟೊಗೆ ನಕ್ಷತ್ರ ಮತ್ತೆ ನಡುವೆ ಬರುವ ಹಾಗೆ ಕ್ಯಾಮೆರಾ ಸರಿಸಿಕೊಳ್ಳಿ. ಮುಗಿದ ಮೇಲೆ ಲೆನ್ಸಿಗೆ ಮುಚ್ಚಳ ಹಾಕಿ ಅದೇ 4 ಸೆಕೆಂಡಿನ ಮೂವತ್ತು ಫೋಟೊ ತೆಗೆಯಿರಿ, ಸೆನ್ಸರಿನ ಗದ್ದಲ ಕಳೆಯಲು. ಎಲ್ಲವನ್ನೂ ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್‌ಗೆ ಹಾಕಿ, ಎರಡೂ ಉಚಿತ. ಒಂದೊಂದು ಫೋಟೊದಲ್ಲಿ ಬರೀ ಕಂದು ಆಕಾಶ ಕಾಣುತ್ತದೆ, ಪೇರಿಸಿದ ಮೇಲೆ ಚಿಕ್ಕದೊಂದು ಗುಲಾಬಿ ಮೋಡ ಕಾಣುತ್ತದೆ. ಆ ಕೆಲಸ ಇಬ್ಬರಿಗೂ ಖುಷಿ ಕೊಟ್ಟರೆ ಮೌಂಟಿನ ದಾರಿ. ತಲೆನೋವು ಅನ್ನಿಸಿದರೆ ಸ್ಮಾರ್ಟ್ ಟೆಲಿಸ್ಕೋಪ್. ಪುಣೆಯಲ್ಲೇ 1944ರಲ್ಲಿ ಶುರುವಾದ ಜ್ಯೋತಿರ್ವಿದ್ಯಾ ಪರಿಸಂಸ್ಥಾ ಇದೆ, ದೇಶದ ಹಳೆಯ ಹವ್ಯಾಸಿ ಖಗೋಳ ಸಂಘ. ಅವರ ಆಕಾಶ ವೀಕ್ಷಣೆಗೆ ಒಮ್ಮೆ ಹೋಗಿ, ಬೇರೆಯವರ ಉಪಕರಣ ಮುಟ್ಟಿ ನೋಡಿ. ಬೆಲೆ ಡಾಲರ್ ಜೊತೆ ಏರಿಳಿಯುತ್ತದೆ, ಅದಕ್ಕೆ ಇಲ್ಲಿ ರೂಪಾಯಿ ಲೆಕ್ಕ ಬರೆದಿಲ್ಲ. ಕೊಳ್ಳುವಾಗ ಜಿಎಸ್‌ಟಿ ಬಿಲ್ಲು, ಭಾರತದಲ್ಲೇ ವಾರಂಟಿ ಎರಡನ್ನೂ ಕೇಳಿ.

ಕೊನೆಯದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಆಕಾಶವೇ ಇಲ್ಲ, ತೇವ ಮಾತ್ರ ಇರುತ್ತದೆ. ಗಾಜಿಗೆ ಬೂಸ್ಟು ಹಿಡಿಯುವುದು ಈ ನಾಲ್ಕು ತಿಂಗಳಲ್ಲೇ. ಲೆನ್ಸು, ಟೆಲಿಸ್ಕೋಪುಗಳನ್ನು ಸ್ಪಂಜಿನ ಬ್ಯಾಗಿನಲ್ಲಿ ಮುಚ್ಚಿಡಬೇಡಿ, ಸ್ಪಂಜು ತೇವ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಐವತ್ತರ ಸುತ್ತ ತೋರಿಸುವ ಒಂದು ಅಗ್ಗದ ತೇವಮಾಪಕ, ಇಷ್ಟು ಸಾಕು. ಹಾಗೂ ಬೂಸ್ಟು ಬಂದರೆ ಪಂಚೆಯ ತುದಿಯಲ್ಲಿ ಉಜ್ಜಬೇಡಿ. ಬೂಸ್ಟು ಹೋಗುತ್ತದೆ, ಅದರ ಜೊತೆ ಗಾಜಿನ ಲೇಪವೂ ಹೋಗುತ್ತದೆ.